ಅಲಿಫ್ ಒಂದು, ಗೈನ್ ಸಾವಿರ

ಆಟೊದ ಬೆನ್ನು, ಲಾರಿಯ ಮುಂಗಾಜು, ಬಿರಿಯಾನಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆ, ಮದುವೆ ಕರೆಯೋಲೆಯ ನೆತ್ತಿ. 786 ಎಂಬ ಸಂಖ್ಯೆಯನ್ನು ಎಲ್ಲೂ ನೋಡದ ಕನ್ನಡಿಗ ಇರಲಾರ. 1975ರ ‘ದೀವಾರ್’ ಚಿತ್ರದಲ್ಲಿ ಬಂದರಿನ ಕೂಲಿ ವಿಜಯ್‌ನನ್ನು ಗುಂಡಿನೇಟಿನಿಂದ ಉಳಿಸುವುದು ಇದೇ ನಂಬರಿನ ಬಿಲ್ಲೆ. ನೋಟಿನ ಕ್ರಮಸಂಖ್ಯೆಯ ಕೊನೆಗೆ 786 ಬಂದರೆ ಅದನ್ನು ಖರ್ಚು ಮಾಡದೆ ಪರ್ಸಿನ ಒಳಜೇಬಿನಲ್ಲಿ ಎತ್ತಿಡುವವರು ಎಲ್ಲ ಮತದಲ್ಲೂ ಇದ್ದಾರೆ. ಇಷ್ಟು ಪರಿಚಯವಿದ್ದೂ ಇದು ಎಲ್ಲಿಂದ ಬಂತು ಎಂದು ಕೇಳಿದರೆ ‘ಅದೇನೋ ಮುಸ್ಲಿಮರ ಲಕ್ಕಿ ನಂಬರು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಇದು ಅದೃಷ್ಟದ ನಂಬರೇನೂ ಅಲ್ಲ, ಬರೀ ಕೂಡುವ ಲೆಕ್ಕ. ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂಬುದನ್ನು ಅರಬಿಯಲ್ಲಿ ಬರೆದರೆ ನಾಲ್ಕು ಪದ, 19 ಅಕ್ಷರ. ಪ್ರತಿ ಅಕ್ಷರಕ್ಕೂ ಒಂದು ಬೆಲೆ. ‘ಬಿಸ್ಮ್’ನಲ್ಲಿ ಬೇ 2, ಸೀನ್ 60, ಮೀಮ್ 40, ಕೂಡಿದರೆ 102. ‘ಅಲ್ಲಾಹ್’ನಲ್ಲಿ ಅಲಿಫ್ 1, ಲಾಮ್ 30, ಇನ್ನೊಂದು ಲಾಮ್ 30, ಹೇ 5, ಒಟ್ಟು 66. ‘ಅರ್ರಹ್ಮಾನ್’ 329, ‘ಅರ್ರಹೀಮ್’ 289. ನಾಲ್ಕನ್ನೂ ಸೇರಿಸಿದರೆ 786. ಕಾಗದ ಕಸದ ಬುಟ್ಟಿಗೆ ಬೀಳುತ್ತದೆ, ಪೊಟ್ಟಣ ಕಟ್ಟಲು ಹೋಗುತ್ತದೆ, ಯಾರದೋ ಕಾಲಿಗೆ ಸಿಗುತ್ತದೆ. ಅಂಥ ಕಡೆ ದೇವರ ಹೆಸರಿಗೆ ಅಗೌರವವಾಗದಿರಲಿ ಎಂದು ಪತ್ರ, ರಸೀದಿಗಳ ತಲೆಯ ಮೇಲೆ ವಾಕ್ಯದ ಬದಲು ಅದರ ಮೊತ್ತ ಬರೆಯುವ ರೂಢಿ ಬಂತು ಎಂದು ಹಿರಿಯರು ವಿವರಿಸುತ್ತಾರೆ.

ಈ ರೂಢಿಯನ್ನು ಒಪ್ಪದ ಉಲೇಮಾಗಳು ಬಹಳ ಮಂದಿ. ಅವರ ಕೈಯಲ್ಲಿ ಒಂದು ಹರಿತವಾದ ಲೆಕ್ಕವೂ ಇದೆ. ಉರ್ದು ಲಿಪಿಯಲ್ಲಿ ‘ಹರಿ ಕೃಷ್ಣಾ’ ಎಂದು ಬರೆದು ಕೂಡಿ ನೋಡಿ ಎನ್ನುತ್ತಾರೆ: ಹೇ 5, ರೇ 200, ಯೇ 10, ಕಾಫ್ 20, ರೇ 200, ಶೀನ್ 300, ನೂನ್ 50, ಅಲಿಫ್ 1. ಮೊತ್ತ 786! ಇದನ್ನು ಕೇಳಿದ ಕೂಡಲೇ ಒಬ್ಬರು ಕೋಮು ಸೌಹಾರ್ದಕ್ಕೆ ಗಣಿತವೇ ಸಾಕ್ಷಿ ಎಂದು ಹಿಗ್ಗುತ್ತಾರೆ, ಇನ್ನೊಬ್ಬರು ಆಟೊದ ಮೇಲಿನ ಸ್ಟಿಕ್ಕರ್ ಕಿತ್ತುಹಾಕುತ್ತಾರೆ. ಇಬ್ಬರದೂ ಅವಸರ. ಅಕ್ಷರಗಳನ್ನು ಕೂಡುವ ಯಾವ ಪದ್ಧತಿಯಲ್ಲಾದರೂ ಸಂಬಂಧವೇ ಇಲ್ಲದ ಎಷ್ಟೋ ಪದಗಳು ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಮೊತ್ತದಿಂದ ಹಿಂದಕ್ಕೆ ನಡೆದು ಪದವನ್ನು ಹುಡುಕಲಾಗುವುದಿಲ್ಲ. ಹೀಗಿದ್ದೂ, ಇಷ್ಟು ಸಡಿಲವಾದ ಲೆಕ್ಕವನ್ನು ಹಿಡಿದು ಸಾವಿರ ವರ್ಷ ಕಾಲ ದೊಡ್ಡ ದೊಡ್ಡ ಮನಸ್ಸುಗಳು ದೇವರ ಹೆಸರುಗಳ ಮುಂದೆ ಯಾಕೆ ಕೂತವು ಎಂಬುದು ನನ್ನ ಕುತೂಹಲ.

ಅಕ್ಷರದ ಬೆಲೆ

ಈ ಪದ್ಧತಿಯ ಹೆಸರು ಅಬ್ಜದ್. ಅಲಿಫ್, ಬೇ, ಜೀಮ್, ದಾಲ್ ಎಂಬ ಮೊದಲ ನಾಲ್ಕು ಅಕ್ಷರಗಳನ್ನು ಕೂಡಿಸಿ ಉಚ್ಚರಿಸಿದ ಶಬ್ದ ಅದು. ಇವತ್ತು ಮದರಸಾದ ಮಕ್ಕಳು ಕಲಿಯುವ ಅಲಿಫ್-ಬೇ-ತೇ ಕ್ರಮ ಒಂದೇ ಆಕಾರದ ಅಕ್ಷರಗಳನ್ನು ಒಟ್ಟಿಗೆ ಇಟ್ಟು ಮಾಡಿದ್ದು. ಅಬ್ಜದ್ ಕ್ರಮ ಅದಕ್ಕಿಂತ ಹಳೆಯದು. ಹೀಬ್ರೂ, ಅರಮೈಕ್ ಲಿಪಿಗಳ 22 ಅಕ್ಷರಗಳ ಸಾಲು. ಮೊದಲ ಒಂಬತ್ತಕ್ಕೆ 1ರಿಂದ 9, ಮುಂದಿನ ಒಂಬತ್ತಕ್ಕೆ 10ರಿಂದ 90, ಆಮೇಲೆ ನೂರುಗಳು. ಅರಬಿಗೆ ಮಾತ್ರ ಇರುವ ಆರು ಅಕ್ಷರಗಳು ಕೊನೆಗೆ ಸೇರಿ 500ರಿಂದ 1000ದವರೆಗೆ ತುಂಬಿದವು. 28 ಅಕ್ಷರ, ಅಲಿಫ್‌ಗೆ 1, ಗೈನ್‌ಗೆ 1000. ಭಾರತದ ಅಂಕಿಗಳು ಬಗ್ದಾದಿಗೆ ಹೋಗಿ ನೆಲೆಯೂರಿದ ಮೇಲೂ ಖಗೋಳದ ಕೋಷ್ಟಕಗಳಲ್ಲಿ, ನಕ್ಷತ್ರ ಅಳೆಯುವ ಹಿತ್ತಾಳೆಯ ಯಂತ್ರಗಳ ಅಂಚಿನಲ್ಲಿ ಈ ಅಕ್ಷರಗಳೇ ಅಂಕಿಗಳಾಗಿ ಉಳಿದವು. ಅಂದರೆ ಇದು ಮೊದಲಿಗೆ ವ್ಯಾಪಾರಿಯದೂ ಜ್ಯೋತಿರ್ವಿದನದೂ ಆದ ಲೆಕ್ಕ. ಧ್ಯಾನ ಆಮೇಲೆ ಬಂತು.

ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಹೊಸದೆನಿಸಲಾರದು. ಮೇಚಕಲ್ಯಾಣಿ ಎಂದ ತಕ್ಷಣ ‘ಮ’ 5, ‘ಚ’ 6, ತಿರುಗಿಸಿದರೆ 65ನೆಯ ಮೇಳ ಎಂದು ಹೇಳಿಸುವ ಕಟಪಯಾದಿ ನಮ್ಮಲ್ಲೇ ಇದೆ. ವ್ಯತ್ಯಾಸ ಇಷ್ಟೇ: ಕಟಪಯಾದಿಯಲ್ಲಿ ಅಕ್ಷರ ಅಂಕಿಯ ಸ್ಥಾನದಲ್ಲಿ ಕೂರುತ್ತದೆ, ಅಬ್ಜದ್‌ನಲ್ಲಿ ಅಕ್ಷರಗಳು ಒಂದರ ಜೊತೆ ಒಂದು ಕೂಡುತ್ತವೆ. ಹಾಗಾಗಿ ಅಬ್ಜದ್‌ನಲ್ಲಿ ಅಕ್ಷರಗಳನ್ನು ಹೇಗೆ ಅದಲುಬದಲು ಮಾಡಿದರೂ ಮೊತ್ತ ಅದೇ. ಈ ಗುಣವೇ ಮುಂದೆ ಕವಿಗಳಿಗೂ ಸೂಫಿಗಳಿಗೂ ಹಬ್ಬವಾಯಿತು.

ನಿಯಮಗಳೂ ಇವೆ. ಬರೆದದ್ದಕ್ಕೆ ಮಾತ್ರ ಬೆಲೆ, ಉಚ್ಚಾರಕ್ಕಿಲ್ಲ. ‘ರಹ್ಮಾನ್’ನ ದೀರ್ಘ ಕಿವಿಗೆ ಕೇಳುತ್ತದೆ, ಆದರೆ ಕುರ್‌ಆನ್‌ನ ಬರವಣಿಗೆಯಲ್ಲಿ ಅಲ್ಲಿ ಪೂರ್ಣ ಅಲಿಫ್ ಇಲ್ಲ; ಹಾಗಾಗಿ ಆ ಒಂದು ಸೇರುವುದಿಲ್ಲ. ಒತ್ತಿ ಹೇಳುವ ದ್ವಿತ್ವ ಅಕ್ಷರಕ್ಕೆ ಒಂದೇ ಸಲ ಎಣಿಕೆ. ಇನ್ನೊಂದು ತೊಡಕಿದೆ. ಮೊರಾಕೊ, ಸ್ಪೇನ್‌ಗಳ ಪಶ್ಚಿಮದ ಅಬ್ಜದ್‌ನಲ್ಲಿ ಆರು ಅಕ್ಷರಗಳ ಬೆಲೆ ಬೇರೆ. ಅಲ್ಲಿ ಸೀನ್‌ಗೆ 60 ಅಲ್ಲ, 300. ಬಿಸ್ಮಿಲ್ಲಾದಲ್ಲಿ ಒಂದು ಸೀನ್ ಇದೆಯಲ್ಲ, ಅಲ್ಲಿ ಕೂಡಿದರೆ 786ರ ಬದಲು 1026 ಬರುತ್ತದೆ. ನಮ್ಮ ಲಾರಿಯ ಮೇಲಿನ ಸಂಖ್ಯೆ ಪೂರ್ವದ ಸಂಖ್ಯೆ. ಫೆಜ್ ಊರಿನ ಹಳೆಯ ಲೆಕ್ಕಿಗನಿಗೆ ಅದು ಏನನ್ನೂ ಹೇಳದು. ಅಕ್ಷರದೊಳಗೆ ಸಂಖ್ಯೆಯನ್ನು ದೇವರೇ ಇಟ್ಟಿದ್ದಾನೆ ಎನ್ನುವವರು ಈ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಕುರ್‌ಆನ್‌ಗೆ ಅಬ್ಜದ್ ಹಚ್ಚಿದ ಅತ್ಯಂತ ಹಳೆಯ ಕಥೆಯಲ್ಲೂ ಇಂಥದೇ ಒಂದು ನಗೆ ಅಡಗಿದೆ. ಅಲ್-ತಬರಿಯ ವ್ಯಾಖ್ಯಾನದಲ್ಲಿ ಬರುವ ವರದಿ ಅದು. ಅದರ ಪರಂಪರೆ ದುರ್ಬಲ ಎಂದು ವಿದ್ವಾಂಸರು ಹೇಳಿದ್ದಾರೆ. 29 ಅಧ್ಯಾಯಗಳು ಬಿಡಿ ಅಕ್ಷರಗಳಿಂದ ಶುರುವಾಗುತ್ತವೆ. ಎರಡನೆಯ ಅಧ್ಯಾಯದ ಆರಂಭದ ಅಲಿಫ್-ಲಾಮ್-ಮೀಮ್ ಕೇಳಿದ ಮದೀನಾದ ಕೆಲವು ಯಹೂದಿ ಹಿರಿಯರು ಕೂಡಿ 71 ಎಂದರಂತೆ. ಈ ಹೊಸ ಸಮುದಾಯದ ಆಯುಸ್ಸು 71 ವರ್ಷ ಎಂದು ತೀರ್ಮಾನಿಸಿದರಂತೆ. ಬೇರೆ ಅಕ್ಷರಗಳೂ ಇವೆಯೇ ಎಂದು ಕೇಳಿದಾಗ ಇನ್ನೊಂದು ಗುಂಪು ಸಿಕ್ಕಿತು, 161. ಮತ್ತೊಂದು, 231. ಇನ್ನೂ ಒಂದು, 271. ಎಲ್ಲ ಕೂಡಿದರೆ 734. ಕೊನೆಗೆ ಯಾವುದನ್ನು ಹಿಡಿಯಬೇಕೆಂದು ತೋಚದೆ ಎದ್ದು ಹೋದರಂತೆ.

ನೂರಕ್ಕೆ ಒಂದು ಕಡಿಮೆ

ಅಲ್ಲಾಹನಿಗೆ 99 ಹೆಸರುಗಳು, ನೂರಕ್ಕೆ ಒಂದು ಕಡಿಮೆ, ಅವನ್ನು ಎಣಿಸಿ ತನ್ನದಾಗಿಸಿಕೊಂಡವನಿಗೆ ಸ್ವರ್ಗ ಎಂಬ ಅರ್ಥದ ಪ್ರವಾದಿ ವಚನ ಬುಖಾರಿ, ಮುಸ್ಲಿಮ್ ಸಂಗ್ರಹಗಳೆರಡರಲ್ಲೂ ಇದೆ. ಹೆಸರುಗಳ ಪಟ್ಟಿ ಬರುವುದು ತಿರ್ಮಿಜಿಯ ಸಂಗ್ರಹದಲ್ಲಿ. ಆ ಪಟ್ಟಿಯನ್ನು ನಡುವಿನ ವರದಿಗಾರನೊಬ್ಬ ಸೇರಿಸಿರಬೇಕು ಎನ್ನುವ ಹದೀಸ್ ವಿದ್ವಾಂಸರು ಹಿಂದಿನಿಂದಲೂ ಇದ್ದಾರೆ. ಬೇರೆ ಪಟ್ಟಿಗಳೂ ಉಂಟು. 99 ಎಂಬುದು ಗೊತ್ತು, ಯಾವ 99 ಎಂಬುದರಲ್ಲಿ ಮಾತ್ರ ಚರ್ಚೆ. ಮಸೀದಿಯ ಗೋಡೆಯ ಕ್ಯಾಲೆಂಡರಿನಲ್ಲಿ ಚೌಕ ಚೌಕವಾಗಿ ಅಚ್ಚಾದ ಅಸ್ಮಾ-ಉಲ್-ಹುಸ್ನಾ ಎಂಬ ಈ ನಾಮಾವಳಿ ನೋಡಿದಾಗ ಈ ಅನಿಶ್ಚಿತತೆ ಕಾಣುವುದಿಲ್ಲ.

ತೂಸ್ ಊರಿನ ಅಬೂ ಹಾಮಿದ್ ಅಲ್-ಗಜಾಲಿ (1058-1111) ಈ ಹೆಸರುಗಳ ಮೇಲೆ ‘ಅಲ್-ಮಕ್ಸದ್ ಅಲ್-ಅಸ್ನಾ’ ಎಂಬ ಪುಸ್ತಕ ಬರೆದ. ಅದರಲ್ಲಿ ಕೂಡುವ ಲೆಕ್ಕವಿಲ್ಲ. ಒಂದೊಂದು ಹೆಸರನ್ನೂ ವಿವರಿಸಿ, ಇದರಲ್ಲಿ ದಾಸನ ಪಾಲೇನು ಎಂದು ಕೇಳುವುದು ಅವನ ಕ್ರಮ. ದೇವರು ಕರುಣಾಳು ಎಂದು ಒಪ್ಪಿದವನು ದಾರಿ ತಪ್ಪಿದವನನ್ನು ಬಯ್ಯದೆ ನಯವಾಗಿ ಹಿಂದಕ್ಕೆ ಕರೆಯಬೇಕು. ಹಸಿದವನ ಹಸಿವನ್ನು ಕೈಲಾದಷ್ಟು ನೀಗಬೇಕು. ಹೆಸರನ್ನು ಬದುಕಿನಿಂದ ಎಣಿಸುವ ದಾರಿ ಇದು. ನನ್ನನ್ನು ಕೇಳಿದರೆ, ಅಕ್ಷರದ ಲೆಕ್ಕಕ್ಕೆ ಕೂರುವ ಯಾರೇ ಆದರೂ ಮೊದಲು ಈ ಪುಸ್ತಕದ ಬಾಗಿಲು ದಾಟಿ ಬರಬೇಕು.

ಆದರೆ ಲೆಕ್ಕಕ್ಕೆ ಅದರದೇ ರುಚಿ ಇದೆ. ‘ಅಹದ್’ ಎಂದರೆ ಏಕ, ಎರಡನೆಯದಿಲ್ಲದವನು. ಅಲಿಫ್ 1, ಬಡಿ ಹೇ 8, ದಾಲ್ 4; ಮೊತ್ತ 13. ‘ಅಹ್ಮದ್’ ಪ್ರವಾದಿಯ ಹೆಸರು. ಅದೇ ಮೂರು ಅಕ್ಷರ, ನಡುವೆ ಒಂದು ಮೀಮ್. ಮೀಮ್‌ನ ಬೆಲೆ 40, ಮೊತ್ತ 53. ದೇವರ ಹೆಸರಿಗೂ ಅವನ ದೂತನ ಹೆಸರಿಗೂ ನಡುವೆ ನಿಂತಿರುವುದು ಒಂದೇ ಅಕ್ಷರ. ಈ ಮೀಮ್ ಮೇಲೆ ಸೂಫಿಗಳು ಬರೆದದ್ದಕ್ಕೆ ಲೆಕ್ಕವಿಲ್ಲ. 14ನೆಯ ಶತಮಾನದ ಶಬಿಸ್ತರಿಯ ‘ಗುಲ್ಶನ್-ಎ-ರಾಜ್’ ಇಡೀ ಜಗತ್ತನ್ನೇ ಆ ಮೀಮ್‌ನೊಳಗೆ ಮುಳುಗಿಸುತ್ತದೆ. ನಲವತ್ತು ಎಂದರೆ ಮೂಸಾ ಬೆಟ್ಟದ ಮೇಲೆ ಕಳೆದ ನಲವತ್ತು ರಾತ್ರಿ, ಸೂಫಿಯ ನಲವತ್ತು ದಿನದ ಏಕಾಂತವಾದ ಚಿಲ್ಲಾ. ದೇವರಿಂದ ಮನುಷ್ಯನಿಗೆ ಇಳಿಯುವಾಗ ನಲವತ್ತು ಮೆಟ್ಟಿಲು, ಏರುವಾಗಲೂ ಅಷ್ಟೇ. ಮೀಮ್ ತೆಗೆದರೆ ಅಹ್ಮದ್ ಅಹದ್ ಆಗುತ್ತಾನೆ ಎಂಬ ಅರ್ಥದ ಮಾತೊಂದು ದೇವವಾಣಿ ಎಂಬ ಹೆಸರಿನಲ್ಲಿ ಖವ್ವಾಲಿಯವರೆಗೂ ಹರಿದು ಬಂದಿದೆ. ಹದೀಸ್ ಪಂಡಿತರು ಇದಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕುತ್ತಾರೆ, ಮನುಷ್ಯನನ್ನು ದೇವರ ಪಕ್ಕ ಕೂರಿಸಿದಂತಾಯಿತೆಂದು ಗದರುತ್ತಾರೆ. ಗದರಿಕೆ ನ್ಯಾಯವಾದದ್ದೇ. ಆದರೆ ಆ ಮೀಮ್ ಅನ್ನು ತೆಗೆಯುವುದು ನಲವತ್ತು ದಿನದ ಹಸಿವು, ನಿದ್ದೆಗೇಡು, ಅಹಂಕಾರದ ಸಾವು ಎಂದು ತಿಳಿದವನಿಗೆ ಅದು ದೇವರಾಗುವ ಹಂಬಲವಾಗಿರಲಿಲ್ಲ.

‘ವಾಹಿದ್’ ಕೂಡ ಒಬ್ಬನೇ ಎನ್ನುವ ಹೆಸರು. ಅಹದ್‌ನ ಮೂರು ಅಕ್ಷರಗಳಿಗೆ ಮುಂದೆ ಒಂದು ವಾವ್, ಅಂದರೆ 6, ಸೇರಿ 19. ಅರಬಿಯಲ್ಲಿ ಎರಡನ್ನು ಜೋಡಿಸಲು ಬಳಸುವ ‘ಮತ್ತು’ ಕೂಡ ಇದೇ ವಾವ್. ಅಹದ್ ಯಾವುದಕ್ಕೂ ಅಂಟದ ಏಕತೆ, ವಾಹಿದ್ ಹಲವನ್ನು ಹೊತ್ತ ಏಕತೆ ಎಂದು ಸೂಫಿ ಚಿಂತಕ ಇಬ್ನ್ ಅರಬಿಯ ದಾರಿಯವರು ಮಾಡುವ ಭೇದಕ್ಕೆ ಈ ವಾವ್ ಎಷ್ಟು ಚೆನ್ನಾಗಿ ಒದಗುತ್ತದೆ! ‘ವದೂದ್’, ಅಂದರೆ ಪ್ರೀತಿಸುವವನು: 6, 4, 6, 4, ಮೊತ್ತ 20. ‘ಹಾದಿ’, ದಾರಿ ತೋರುವವನು: 5, 1, 4, 10, ಅದೂ 20. ಹೀಗಾಗಿ ಅಹ್ಮದ್ ಎಂಬ ಹೆಸರಿನವನೊಬ್ಬ ತನ್ನ ಹೆಸರಿನ 53ಕ್ಕೆ ಸಮನಾದ ದೇವನಾಮ ಹುಡುಕಿದರೆ ಅಹದ್ 13, ವದೂದ್ 20, ಹಾದಿ 20 ಎಂಬ ಮೂರು ಸಿಗುತ್ತವೆ. ತನ್ನ ಹೆಸರಿನ ‘ಅದದ್’, ಅಂದರೆ ಸಂಖ್ಯೆ, ತೆಗೆದು ಅದಕ್ಕೆ ಹೊಂದುವ ನಾಮಗಳನ್ನು ಅಷ್ಟು ಸಲ ಜಪಿಸುವ ಪದ್ಧತಿ ನಮ್ಮ ಉಪಖಂಡದ ಸೂಫಿ ಮನೆಗಳಲ್ಲಿ ಇಂದಿಗೂ ಇದೆ. ಲೆಕ್ಕದಿಂದ ದೇವರ ಬಗ್ಗೆ ಏನೂ ಸಾಬೀತಾಗಲಿಲ್ಲ, ನಿಜ. ಆದರೆ ‘ಯಾ ವದೂದ್’ ಎಂದು ಒಮ್ಮೆ ಉಸುರಿ ಎದ್ದು ಹೋಗುತ್ತಿದ್ದವನು 53 ಸಲ ಅಲ್ಲೇ ಕೂತ. ಈ ವಿದ್ಯೆಯ ಬೆಲೆಯೆಲ್ಲ ಆ ಕೂರುವುದರಲ್ಲಿದೆ ಎಂದು ನನಗನ್ನಿಸುತ್ತದೆ.

66ರ ಕಥೆ ತುರ್ಕಿಯದು. ಅಲಿಫ್, ಎರಡು ಲಾಮ್, ಒಂದು ಹೇ. ಇದೇ ನಾಲ್ಕು ಅಕ್ಷರಗಳನ್ನು ಬೇರೆ ಸಾಲಿನಲ್ಲಿಟ್ಟರೆ ‘ಲಾಲೆ’, ಅಂದರೆ ಟ್ಯೂಲಿಪ್ ಹೂವು. ಇನ್ನೊಂದು ಸಾಲಿನಲ್ಲಿಟ್ಟರೆ ‘ಹಿಲಾಲ್’, ಬಿದಿಗೆಯ ಚಂದ್ರ. ಮೂರಕ್ಕೂ 66. ಮಿನಾರಿನ ತುದಿಯ ಚಂದ್ರ, ಇಜ್ನಿಕ್ ಊರಿನ ಹಂಚುಗಳ ಮೇಲಿನ ಕೆಂಪು ಟ್ಯೂಲಿಪ್ಪು ಆಟೊಮನ್ನರ ಕಣ್ಣಿಗೆ ಬರಿಯ ಅಲಂಕಾರವಾಗಿ ಉಳಿಯಲಿಲ್ಲ. ವಾಸ್ತುಶಿಲ್ಪಿ ಸಿನಾನ್ 1560ರ ದಶಕದಲ್ಲಿ ಇಸ್ತಾಂಬುಲಿನಲ್ಲಿ ಕಟ್ಟಿದ ರುಸ್ತಮ್ ಪಾಷಾ ಮಸೀದಿಯ ಗೋಡೆಗಳ ತುಂಬ ಟ್ಯೂಲಿಪ್ಪುಗಳೇ. ಚಿತ್ರ ಬರೆಯಲಾಗದ ದೇವರ ಹೆಸರು ಹೂವಾಗಿ ಗೋಡೆ ಹತ್ತಿತು ಎಂದು ಭಕ್ತರು ಓದಿಕೊಂಡರು. ಹೂವನ್ನು ಬರೆದ ಪ್ರತಿ ಕುಶಲಕರ್ಮಿಯೂ ಲೆಕ್ಕ ಹಾಕಿದ್ದನೆಂದು ನಾನು ಹೇಳಲಾರೆ. ಇಜ್ನಿಕ್‌ನಲ್ಲಿ ಕೆಂಪು ಬಣ್ಣ ಚೆನ್ನಾಗಿ ಬರುತ್ತಿತ್ತು ಎಂಬುದೂ ಒಂದು ಕಾರಣವೇ.

ಗಂಟಲಿನಿಂದ ತುಟಿಗೆ

ಈ ಎಲ್ಲ ಪದಕ್ರೀಡೆಗೆ ಒಂದು ತತ್ವದ ಬೆನ್ನೆಲುಬು ಕೊಟ್ಟವನು ಇಬ್ನ್ ಅರಬಿ. ಸ್ಪೇನಿನ ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿ, ಮೆಕ್ಕಾ ನೋಡಿ, 1240ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡವನು. ಅವನ ‘ಫುತೂಹಾತ್ ಅಲ್-ಮಕ್ಕಿಯ್ಯಾ’ದಲ್ಲಿ 560 ಅಧ್ಯಾಯಗಳು, ಎರಡನೆಯದೇ ಅಕ್ಷರಗಳ ಮೇಲೆ. ಅಕ್ಷರಗಳೂ ಒಂದು ಸಮುದಾಯ, ಅವಕ್ಕೂ ಕಟ್ಟಳೆಗಳಿವೆ, ಅವುಗಳೊಳಗಿಂದಲೇ ದೂತರು ಬರುತ್ತಾರೆ ಎನ್ನುತ್ತಾನೆ ಅವನು. ಉಪಮೆಗೆಂದು ಆಡಿದ ಮಾತಲ್ಲ ಇದು, ತಾನು ಕಂಡದ್ದನ್ನು ಹೇಳುವ ಧಾಟಿ ಅವನದು.

198ನೆಯ ಅಧ್ಯಾಯದಲ್ಲಿ ಅವನು ಕಟ್ಟುವ ಚಿತ್ರ ಬೆರಗಿನದು. ಮನುಷ್ಯ ಉಸಿರು ಬಿಡುತ್ತಾನೆ; ಉಸಿರು ಗಂಟಲಲ್ಲಿ, ನಾಲಗೆಯಲ್ಲಿ, ಹಲ್ಲಲ್ಲಿ, ತುಟಿಯಲ್ಲಿ ತಡೆದಾಗ ಅಕ್ಷರಗಳು ಹುಟ್ಟುತ್ತವೆ. ಹಾಗೆಯೇ ಕರುಣಾಳುವಾದ ದೇವರು ಉಸಿರು ಬಿಟ್ಟ. ಆ ಉಸಿರು ತಡೆತಡೆದು ನಿಂತ ಜಾಗಗಳೇ ಲೋಕಗಳು. 28 ಅಕ್ಷರ, 28 ದೇವನಾಮ, ಸೃಷ್ಟಿಯ 28 ಹಂತ, ಚಂದ್ರ ಹಾಯುವ 28 ಮನೆಗಳು. ಗಂಟಲಿನ ತಳದ ಹಮ್ಜಾಕ್ಕೆ ಎದುರಾಗಿ ಆದಿಬುದ್ಧಿ, ಅದರ ಮೇಲೆ ‘ಬದೀಅ್’ ಎಂಬ ನಾಮ, ಹಿಂದೆಂದೂ ಇಲ್ಲದ್ದನ್ನು ಹುಟ್ಟಿಸುವವನು. ಅಲ್ಲಿಂದ ಹೇ, ಐನ್ ಎನ್ನುತ್ತ ಮೇಲೇರಿ, ಕೊನೆಗೆ ತುಟಿಯ ವಾವ್‌ಗೆ ತಲುಪಿದಾಗ ‘ರಫೀಉದ್ದರಜಾತ್’ ಎಂಬ ನಾಮ, ಅಂತಸ್ತುಗಳನ್ನು ಎತ್ತರಿಸುವವನು.

ಗಮನಿಸಬೇಕಾದದ್ದು, ಇಲ್ಲಿ ಅವನು ಅಬ್ಜದ್ ಸಾಲನ್ನು ಬಿಟ್ಟು ಬಾಯಿಯೊಳಗಿನ ಸ್ಥಾನಗಳ ಸಾಲು ಹಿಡಿದಿದ್ದಾನೆ. ಕವರ್ಗದಿಂದ ಪವರ್ಗದವರೆಗೆ ಗಂಟಲಿನಿಂದ ತುಟಿಗೆ ಸಾಗುವ ವರ್ಣಮಾಲೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ ನಮಗೆ ಈ ನಡಿಗೆ ಪರಿಚಿತ. ಶಬ್ದದಿಂದ ಸೃಷ್ಟಿಯನ್ನು ವಿವರಿಸುವ ಆಸೆ ನಮ್ಮ ತಂತ್ರಶಾಸ್ತ್ರಗಳಿಗೂ ಇತ್ತು. ಯಾರಿಂದ ಯಾರಿಗೆ ಹೋಯಿತು ಎಂಬ ಹುಡುಕಾಟಕ್ಕೆ ನಾನು ಇಳಿಯುವುದಿಲ್ಲ. ಬಾಯಿ ಎಲ್ಲ ಮನುಷ್ಯರಿಗೂ ಒಂದೇ ಥರ ಇದೆ.

ಮನೆ ಮನೆಯಲ್ಲೂ 129

ಅಲ್ಜೀರಿಯಾದ ಇಂದಿನ ಅನ್ನಾಬಾ ಊರಿನ ಕಡೆಯ ಅಹ್ಮದ್ ಅಲ್-ಬೂನಿ ಇಬ್ನ್ ಅರಬಿಯ ಸಮಕಾಲೀನ, ಕೈರೋದಲ್ಲಿ ತೀರಿಕೊಂಡವನು. ದೇವನಾಮಗಳ ಮೇಲೆ ಅವನದೂ ವ್ಯಾಖ್ಯಾನವಿದೆ, ಆದರೆ ಅವನ ಹೆಸರು ಉಳಿದದ್ದು ‘ಶಮ್ಸುಲ್ ಮಆರಿಫ್’ ಎಂಬ ಮಂತ್ರ-ಯಂತ್ರಗಳ ಗ್ರಂಥದಿಂದ. ಇವತ್ತು ಅಚ್ಚಾಗಿ ಮಾರಾಟವಾಗುವ ದಪ್ಪ ಸಂಪುಟ ಅವನ ನಂತರದ ಶತಮಾನಗಳಲ್ಲಿ ಬೆಳೆದದ್ದು ಎಂದು ಹಸ್ತಪ್ರತಿಗಳನ್ನು ಜಾಲಾಡಿದವರು ತೋರಿಸಿದ್ದಾರೆ. ಹೆಸರಿನ ಮೊತ್ತವನ್ನು ಚೌಕದ ಮನೆಗಳಲ್ಲಿ ಹಂಚುವ ‘ವಫ್ಕ್’ ಈ ಪರಂಪರೆಯ ಮುಖ್ಯ ಕಸುಬು. ‘ಲತೀಫ್’ ತೆಗೆದುಕೊಳ್ಳಿ, ಅತಿ ನವಿರಾಗಿ ಕೃಪೆ ತೋರುವವನು. ಲಾಮ್ 30, ತೋಯ್ 9, ಯೇ 10, ಫೇ 80, ಮೊತ್ತ 129. ಇದನ್ನು ಒಂಬತ್ತು ಮನೆಗಳಿಗೆ ಹಂಚಿದರೆ:

42 — 47 — 40
41 — 43 — 45
46 — 39 — 44

ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಎಲ್ಲಿಂದ ಕೂಡಿದರೂ 129. ದೇವರ ಹೆಸರು ಎಲ್ಲ ದಿಕ್ಕಿಗೂ ಮುಖ ಮಾಡಿ ನಿಂತಂತೆ. ಇದರ ಮುಂದೆ ಒಂದು ಗಳಿಗೆ ಮೌನವಾಗಿ ಕೂತರೆ ಧ್ಯಾನ. ಇದನ್ನೇ ಮಡಿಸಿ, ಬೆಳ್ಳಿಯ ಗೂಡಿಗೆ ಹಾಕಿ, ತೋಳಿಗೆ ಕಟ್ಟಿದರೆ ತಾಯಿತ. ಎರಡಕ್ಕೂ ಕಾಗದ ಒಂದೇ.

1ರಿಂದ 9ರವರೆಗಿನ ಮೂಲ ಚೌಕದ ನಾಲ್ಕು ಮೂಲೆಗಳಲ್ಲಿ 2, 4, 6, 8 ಬರುತ್ತವೆ. ಅಕ್ಷರಕ್ಕೆ ತಿರುಗಿಸಿದರೆ ‘ಬುದೂಹ್’. ಯಾವ ಅರ್ಥವೂ ಇಲ್ಲದ ಈ ಪದವನ್ನು ಈಜಿಪ್ಟಿನಲ್ಲಿ ಕಾಗದ ಸುರಕ್ಷಿತವಾಗಿ ತಲುಪಲೆಂದು ಲಕೋಟೆಯ ಮೇಲೆ ಬರೆಯುತ್ತಿದ್ದರು. ತಮಾಷೆಯೆಂದರೆ, ಹೆಸರುಗಳ ವಿಷಯದಲ್ಲಿ ಅಷ್ಟು ಹದವಾಗಿ ಬರೆದ ಗಜಾಲಿಯೇ ತನ್ನ ಆತ್ಮಕಥನದಲ್ಲಿ, ಹೆರಿಗೆ ಕಷ್ಟವಾದಾಗ ಈ ಚೌಕವನ್ನು ನೀರು ಸೋಕದ ಬಟ್ಟೆಯ ಮೇಲೆ ಬರೆದು ಗರ್ಭಿಣಿಯ ಪಾದದ ಕೆಳಗೆ ಇಡುವುದನ್ನು ಪ್ರಸ್ತಾಪಿಸುತ್ತಾನೆ. ಬುದ್ಧಿಗೆ ನಿಲುಕದ ಗುಣಗಳೂ ಜಗತ್ತಿನಲ್ಲಿವೆ ಎನ್ನುವುದಕ್ಕೆ ಅವನು ಕೊಟ್ಟ ಉದಾಹರಣೆ ಅದು. ಮುಂದೆ ಆ ಚೌಕಕ್ಕೆ ಅವನ ಹೆಸರೇ ಅಂಟಿತು.

ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ತನ್ನ ‘ಮುಕದ್ದಿಮಾ’ ಬರೆದಾಗ ಅಕ್ಷರವಿದ್ಯೆಗೆ ಒಂದು ದೀರ್ಘ ಭಾಗವನ್ನೇ ಮೀಸಲಿಟ್ಟ. ಅಕ್ಷರದ ಶಕ್ತಿ ಬೆಂಕಿ, ಗಾಳಿ, ನೀರು, ಮಣ್ಣು ಎಂಬ ಗುಣದಿಂದ ಬರುತ್ತದೋ ಸಂಖ್ಯೆಯ ಸಂಬಂಧದಿಂದ ಬರುತ್ತದೋ ಎಂಬ ಎರಡೂ ವಾದಗಳನ್ನು ನಿಷ್ಪಕ್ಷಪಾತವಾಗಿ ಇಟ್ಟು, ಇದರ ಗುಟ್ಟು ತರ್ಕಕ್ಕೆ ಸಿಗುವಂಥದಲ್ಲ ಎನ್ನುತ್ತಾನೆ. ದೇವರ ಕಡೆಗೆ ನಡೆಯುತ್ತಿದ್ದವನಿಗೆ ದಾರಿಯಲ್ಲಿ ಏನಾದರೂ ಒದಗಿದರೆ ಅದು ಕೃಪೆ, ಅದನ್ನೇ ಗಳಿಸಲು ಕಸುಬು ಹಿಡಿದರೆ ಮಾಟದ ನೆರೆಮನೆ ಎಂಬುದು ಅವನ ಮಾತಿನ ಸಾರ. ಸಮಾಜದ ಒಳಹೊರಗು ಬಲ್ಲ ಆ ಮನುಷ್ಯ ಎಳೆದ ಗೆರೆ ನನಗೆ ಇಂದಿಗೂ ಸರಿ ಎನಿಸುತ್ತದೆ.

ಗೆರೆ ದಾಟಿದವರ ಪೈಕಿ ಮಾಟಗಾರರಿಗಿಂತ ಖಚಿತತೆಯ ಹುಚ್ಚು ಹಿಡಿದವರ ಕಥೆ ದಾರುಣ. ಮನುಷ್ಯನ ಮುಖದಲ್ಲೇ ಅಕ್ಷರಗಳನ್ನು ಓದಿದ ಹುರೂಫಿ ಪಂಥದ ಫಜ್ಲುಲ್ಲಾ ಅಸ್ತರಾಬಾದಿಯನ್ನು 1394ರಲ್ಲಿ ತೈಮೂರನ ಮಗ ಮೀರಾನ್ ಶಾಹ್ ಕೊಲ್ಲಿಸಿದ. ಆ ಪಂಥದ ಕವಿ ನಸೀಮಿಯ ಚರ್ಮ ಸುಲಿದದ್ದು ಅಲೆಪ್ಪೊದಲ್ಲಿ. ನಮ್ಮ ಕಾಲದಲ್ಲಿ, ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೀವರಸಾಯನ ವಿಜ್ಞಾನಿ ರಶಾದ್ ಖಲೀಫಾ ಕಂಪ್ಯೂಟರ್ ಹಿಡಿದು ಕುರ್‌ಆನ್ ಎಣಿಸಿದ. ಬಿಸ್ಮಿಲ್ಲಾದಲ್ಲಿ 19 ಅಕ್ಷರ, ವಾಹಿದ್‌ನ ಮೊತ್ತ 19, 74ನೆಯ ಅಧ್ಯಾಯದಲ್ಲಿ 19ರ ಉಲ್ಲೇಖ. ಇಡೀ ಗ್ರಂಥ 19ರ ಬೀಗದೊಳಗಿದೆ ಎಂದು 1974ರಲ್ಲಿ ಸಾರಿದ. ಮೊದಮೊದಲು ಬೆರಗಿನಿಂದ ಕೇಳಿದವರು ಬಹಳ. ಆಮೇಲೆ ಲೆಕ್ಕ ಕೂಡದಾಯಿತು. ಒಂಬತ್ತನೆಯ ಅಧ್ಯಾಯದ ಕೊನೆಯ ಎರಡು ವಚನಗಳು ಮೂಲದವಲ್ಲ ಎಂದು ಅವನು ತೆಗೆದುಹಾಕಿದ. ಸಂಖ್ಯೆಯಿಂದ ಗ್ರಂಥವನ್ನು ಕಾಯಲು ಹೊರಟವನು ಸಂಖ್ಯೆಗಾಗಿ ಗ್ರಂಥವನ್ನೇ ಕತ್ತರಿಸಿದ. 1990ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಅವನ ಕೊಲೆಯಾಯಿತು.

ವಿಜಯಪುರದ ಬಾಗಿಲು, ಶ್ರೀರಂಗಪಟ್ಟಣದ ಪಂಚಾಂಗ

ಅಬ್ಜದ್ ನಮ್ಮ ನೆಲಕ್ಕೂ ಬಂತು, ಕಲ್ಲಿನ ಮೇಲೆ ಕೂತಿತು. ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಮೂರು ಪಾರ್ಸಿ ಬರಹಗಳಿವೆ, ಮೂರೂ ಮುಹಮ್ಮದ್ ಆದಿಲ್‌ಶಾಹನ ಸಾವಿನ ವರ್ಷವನ್ನು ಅಕ್ಷರಗಳಲ್ಲಿ ಬಚ್ಚಿಟ್ಟಿವೆ. ಒಂದು, ‘ಆಖಿಬತ್ ಮುಹಮ್ಮದ್ ಮಹಮೂದ್ ಶುದ್’, ಮುಹಮ್ಮದನ ಅಂತ್ಯ ಶ್ಲಾಘ್ಯವಾಯಿತು. ಪೆನ್ಸಿಲು ಹಿಡಿದು ಕೂತುಕೊಳ್ಳಿ. ಆಖಿಬತ್ 573, ಮುಹಮ್ಮದ್ 92, ಮಹಮೂದ್ 98, ಶುದ್ 304. ಮೊತ್ತ 1067. ಹಿಜರಿ 1067 ಎಂದರೆ ನಮ್ಮ 1656ರ ಕೊನೆ, ಸುಲ್ತಾನ ತೀರಿಕೊಂಡ ಕಾಲ. ಪಿಸುಮಾತು ಮರುದನಿಸುವುದನ್ನು ಕೇಳಲು ಒಳಗೆ ಓಡುವ ಪ್ರವಾಸಿಗಳಲ್ಲಿ ತಲೆಯೆತ್ತಿ ಈ ಲೆಕ್ಕ ನೋಡುವವರು ಅಪರೂಪ. ಗೈಡುಗಳೂ ಹೇಳುವುದಿಲ್ಲ.

ಟಿಪ್ಪು ಸುಲ್ತಾನನದು ಇನ್ನೂ ವಿಚಿತ್ರ ಪ್ರಯೋಗ. ನಮ್ಮ 60 ಸಂವತ್ಸರಗಳ ಚಕ್ರವನ್ನೂ ಚಾಂದ್ರಮಾನದ ತಿಂಗಳುಗಳನ್ನೂ ಹಾಗೇ ಇಟ್ಟುಕೊಂಡು ಹೆಸರುಗಳನ್ನು ಮಾತ್ರ ಅಬ್ಜದ್‌ಗೆ ಕಟ್ಟಿದ. ಚೈತ್ರಕ್ಕೆ ಅಹ್ಮದಿ, ಅಲಿಫ್ ಒಂದು ತಾನೇ. ವೈಶಾಖಕ್ಕೆ ಬಹಾರಿ, ಬೇ ಎರಡು. ಮೂರನೆಯದು ಜಾಫರಿ, ನಾಲ್ಕನೆಯದು ದಾರಾಯಿ. ಹತ್ತನೆಯದು ಯೂಸುಫಿ. ಹನ್ನೊಂದಕ್ಕೆ ಒಂದಕ್ಷರ ಸಾಲದು, ಅಲಿಫ್ ಮತ್ತು ಯೇ ಕೂಡಿದ ಈಜದಿ. ವರ್ಷದ ಹೆಸರಿಗೆ ಪೂರ್ತಿ ಮೊತ್ತ ಹೊಂದಬೇಕು: 40ನೆಯ ಸಂವತ್ಸರವಾದ ಪರಾಭವ ‘ದಲ್ವ್’ ಆಯಿತು; ದಾಲ್ 4, ಲಾಮ್ 30, ವಾವ್ 6. ಪರಾಭವ ಎಂಬ ಹೆಸರಿನ ವರ್ಷವನ್ನು ಯಾವ ದೊರೆ ತಾನೇ ಇಷ್ಟಪಟ್ಟಾನು? ಅಷ್ಟಕ್ಕೇ ಬಿಡಲಿಲ್ಲ. 1787ರ ಸುಮಾರಿಗೆ ಅಬ್ಜದ್ ಬಿಟ್ಟು, ಅಲಿಫ್-ಬೇ-ತೇ ಸಾಲಿಗೇ ಹೊಸ ಬೆಲೆ ಕಟ್ಟಿ ಎಲ್ಲ ಹೆಸರುಗಳನ್ನೂ ಮತ್ತೆ ಬದಲಿಸಿದ. ಹೊಸ ಲೆಕ್ಕದಲ್ಲಿ ರೇ ಹತ್ತಾಯಿತು. ಹತ್ತನೆಯ ತಿಂಗಳು ರಹ್ಮಾನಿ, ಹನ್ನೆರಡನೆಯದು ರಬ್ಬಾನಿ. ದೇವರ ಹೆಸರಿನಿಂದ ಹುಟ್ಟಿದ ಪದಗಳು ಮೈಸೂರು ಸೀಮೆಯ ಕಂದಾಯದ ಕಾಗದಗಳಿಗೆ ತಾರೀಖಾದವು. ಇದರಲ್ಲಿ ಧ್ಯಾನವೆಷ್ಟು, ಆಡಳಿತದ ಹಟವೆಷ್ಟು ಎಂದು ಬಿಡಿಸುವುದು ಕಷ್ಟ. ಸೇನೆಯಿಂದ ತೂಕದವರೆಗೆ ಎಲ್ಲಕ್ಕೂ ಹೊಸ ಹೆಸರಿಡುವುದು ಅವನ ಸ್ವಭಾವವೇ ಆಗಿತ್ತು.

ಸಲೆಯ ಮಸೀದಿಯಲ್ಲಿ

ಮತ್ತೆ 129ಕ್ಕೆ. ಲತೀಫ್ ಎಂಬ ನಾಮದಲ್ಲಿ ಪೂರ್ವ-ಪಶ್ಚಿಮಗಳ ಜಗಳಕ್ಕೆ ಸಿಕ್ಕುವ ಅಕ್ಷರ ಒಂದೂ ಇಲ್ಲ, ಹೈದರಾಬಾದಿನಲ್ಲೂ ಫೆಜ್‌ನಲ್ಲೂ ಅದೇ 129. ಉತ್ತರ ಆಫ್ರಿಕದಲ್ಲಿ ಬರ ಬಂದಾಗ, ಮಿಡತೆ ಹಿಂಡು ಎರಗಿದಾಗ, ಊರಿಗೆ ಊರೇ ಮಸೀದಿಯಲ್ಲಿ ಸೇರಿ ‘ಯಾ ಲತೀಫ್’ ಜಪಿಸುವ ಹಳೆಯ ವಾಡಿಕೆ ಇದೆ. ಸಣ್ಣ ಕಷ್ಟಕ್ಕೆ 129 ಸಲ. ದೊಡ್ಡ ಆಪತ್ತಿಗೆ 129ನ್ನು 129ರಿಂದ ಗುಣಿಸಿ 16,641 ಸಲ. ಒಬ್ಬನಿಂದ ಆಗುವ ಮಾತಲ್ಲ. ಜನ ಸೇರಿ, ಎಣಿಕೆ ಹಂಚಿಕೊಂಡು, ಗಂಟೆಗಟ್ಟಲೆ ಕೂರಬೇಕು. ಅಲ್ಲಿ ಸಂಖ್ಯೆಯ ಕೆಲಸ ಗೂಢಾರ್ಥ ಹೇಳುವುದಲ್ಲ, ಒಟ್ಟಿಗೆ ಎಷ್ಟು ಹೊತ್ತು ಕೂರಬೇಕೆಂದು ಹೇಳುವುದು.

1930ರ ಮೇ 16ರಂದು ಮೊರಾಕೊದ ಫ್ರೆಂಚ್ ಆಡಳಿತ ಒಂದು ಫರ್ಮಾನು ಹೊರಡಿಸಿತು. ಬರ್ಬರ್ ಬುಡಕಟ್ಟಿನ ಪ್ರದೇಶಗಳನ್ನು ಇಸ್ಲಾಮಿ ನ್ಯಾಯಾಲಯಗಳಿಂದ ಬೇರ್ಪಡಿಸುವುದು ಅದರ ತಿರುಳು. ಒಡೆದು ಆಳುವ ಹುನ್ನಾರ ಇದು ಎಂದು ಮೊದಲು ಗುರುತಿಸಿದವರಲ್ಲಿ ಸಲೆ ಊರಿನ ತರುಣ ಅಬ್ದುಲ್ಲತೀಫ್ ಸ್ಬೀಹಿ ಒಬ್ಬ. ಹೆಸರಿನಲ್ಲೇ ಲತೀಫ್‌ನ ದಾಸ. ಸಭೆ ಸೇರಿದರೆ ಲಾಠಿ, ಮೆರವಣಿಗೆ ತೆಗೆದರೆ ಸೆರೆ. ಆದರೆ ಮಸೀದಿಯೊಳಗೆ ಆಪತ್ಕಾಲದ ಜಪಕ್ಕೆ ಕೂತವರನ್ನು ಯಾವ ಕಾನೂನಿನಡಿ ಎಬ್ಬಿಸುವುದು? ಜೂನ್ ಕೊನೆಯ ಶುಕ್ರವಾರ ಸಲೆಯ ದೊಡ್ಡ ಮಸೀದಿಯಲ್ಲಿ ಲತೀಫ್ ಶುರುವಾಯಿತು. ಬರ್ಬರ್ ಸೋದರರಿಂದ ನಮ್ಮನ್ನು ಅಗಲಿಸಬೇಡ ಎಂಬ ಒಂದು ಹೊಸ ಬೇಡಿಕೆಯನ್ನು ಮಾತ್ರ ಹಳೆಯ ಜಪಕ್ಕೆ ಸೇರಿಸಿಕೊಂಡರು. ರಬಾತ್‌ಗೆ ಹರಡಿತು, ಫೆಜ್‌ಗೆ ಹರಡಿತು. ಫೆಜ್‌ನಲ್ಲಿ ಮಸೀದಿಯಿಂದ ಹೊರಬಂದವರನ್ನು ಹಿಡಿದು ಛಡಿಯೇಟು ಕೊಟ್ಟರು, ಸ್ಬೀಹಿಯನ್ನು ದೂರದ ಊರಿಗೆ ಗಡೀಪಾರು ಮಾಡಿದರು. ಜಪ ಇನ್ನಷ್ಟು ಊರುಗಳಿಗೆ ಹಬ್ಬಿತು. ಮೊರಾಕೊದ ರಾಷ್ಟ್ರೀಯ ಚಳವಳಿಯ ಚರಿತ್ರೆ ಬರೆಯುವವರು ಇವತ್ತಿಗೂ ಮೊದಲ ಅಧ್ಯಾಯವನ್ನು ಆ ಬೇಸಿಗೆಯಿಂದಲೇ ತೆಗೆಯುತ್ತಾರೆ. ಬರ್ಬರ್ ಪ್ರದೇಶಗಳ ಅಪರಾಧ ಪ್ರಕರಣಗಳನ್ನು ಫ್ರೆಂಚ್ ನ್ಯಾಯಾಲಯಗಳಿಗೆ ಒಪ್ಪಿಸಿದ್ದ ಕಲಮನ್ನು ಫ್ರೆಂಚರು 1934ರಲ್ಲಿ ಹಿಂದಕ್ಕೆ ಪಡೆದರು.